ಸೇನೆಯ ಹೆಲಿಕಾಪ್ಟರ್‌ನಿಂದ ನಾಗರಿಕ ಲೈಸೆನ್ಸ್‌ಗೆ: ನಿಮ್ಮ ಪ್ರಶ್ನೆ, ಪೈಲಟ್‌ಗಳ ಉತ್ತರ

ಪ್ರಶ್ನೆ (ಡಲ್ಲಾಸ್‌ನಿಂದ): ನಮಸ್ಕಾರ ಸರ್. ನಮ್ಮಕ್ಕನ ಮಗ ಅಮೆರಿಕದ ಆರ್ಮಿಯಲ್ಲಿ ಬ್ಲ್ಯಾಕ್ ಹಾಕ್ ಪೈಲಟ್. ಮುಂದಿನ ವರ್ಷ ಸೇವೆ ಮುಗಿಯುತ್ತದೆ, ಸುಮಾರು 1,400 ಗಂಟೆ ಹಾರಾಟ ಆಗಿದೆ. ಹೊರಗೆ ಕೆಲಸ ಮಾಡಬೇಕೆಂದರೆ ಫ್ಲೈಯಿಂಗ್ ಸ್ಕೂಲ್ ಸೇರಿ ಮೊದಲಿಂದ ಕಲಿಯಬೇಕಾ?

ಉತ್ತರ (ಹೆಲಿಕಾಪ್ಟರ್ ಇನ್‌ಸ್ಟ್ರಕ್ಟರ್): ಬೇಕಿಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ನಿಯಮ 61.73 ಇರುವುದೇ ಇಂಥವರಿಗಾಗಿ. ಮಿಲಿಟರಿ ಕಾಂಪಿಟೆನ್ಸ್ ಎಂಬ ಒಂದು ಲಿಖಿತ ಪರೀಕ್ಷೆ ಪಾಸಾದರೆ ಸಾಕು, ಕಮರ್ಷಿಯಲ್ ಲೈಸೆನ್ಸ್‌ಗೆ ಬೇರೆ ಹಾರಾಟ ಪರೀಕ್ಷೆ ಇಲ್ಲ. ಪಾಸಾಗಲು 70 ಅಂಕ ಬೇಕು. ಹೆಲಿಕಾಪ್ಟರ್ ಹಾರಿಸುವ ಜ್ಞಾನವನ್ನು ಅಲ್ಲಿ ಕೇಳುವುದಿಲ್ಲ. ಕಮರ್ಷಿಯಲ್ ಪೈಲಟ್‌ನ ಹಕ್ಕು ಮತ್ತು ಮಿತಿ, ಸಾಮಾನ್ಯ ಹಾರಾಟ ನಿಯಮ, ಅಪಘಾತವಾದರೆ ಯಾರಿಗೆ ಎಷ್ಟು ಹೊತ್ತಿನಲ್ಲಿ ವರದಿ ಮಾಡಬೇಕು, ಇಷ್ಟೇ. ಆರ್ಮಿ ನಿಯಮ ಬಾಯಿಪಾಠ ಆಗಿರುವವರು ಎಡವುವುದು ಇಲ್ಲೇ: ನಾಗರಿಕ ನಿಯಮದ ಗೋಚರತೆ ಮತ್ತು ಮೋಡದ ಅಂತರದ ಸಂಖ್ಯೆಗಳು ಬೇರೆ. ಎರಡು ವಾರ ಎಫ್‌ಎಎ ನಿಯಮದ ಪಾರ್ಟ್ 61 (ಲೈಸೆನ್ಸ್) ಮತ್ತು ಪಾರ್ಟ್ 91 (ಹಾರಾಟ) ಓದಿಸಿ.

ಪರೀಕ್ಷೆ ಆದಮೇಲೆ ಎಫ್‌ಎಎಯ ಐಆಕ್ರಾ ಜಾಲತಾಣದಲ್ಲಿ 8710-1 ಅರ್ಜಿ ತುಂಬಿ, ಹತ್ತಿರದ ಫಿಸ್ಡೊ ಎಂಬ ಎಫ್‌ಎಎ ಸ್ಥಳೀಯ ಕಚೇರಿಗೋ ಆ ಅಧಿಕಾರ ಇರುವ ಪರೀಕ್ಷಕರ ಬಳಿಗೋ ಹೋಗಬೇಕು. ಪೈಲಟ್ ತರಬೇತಿ ಮುಗಿಸಿದ ಪತ್ರ, ಸೇವೆಯಲ್ಲಿದ್ದರೆ ಗುರುತಿನ ಚೀಟಿ, ಬಿಟ್ಟಿದ್ದರೆ ಡಿಡಿ 214 ಎಂಬ ಬಿಡುಗಡೆ ಪತ್ರ, ಹಾರಾಟದ ಅಧಿಕೃತ ದಾಖಲೆ ಒಯ್ಯಬೇಕು. ಆ ದಾಖಲೆಯಲ್ಲಿ ಹೆಲಿಕಾಪ್ಟರಿನ ಅಧಿಕೃತ ಹಾರಾಟ ಪರೀಕ್ಷೆ (ಚೆಕ್) ಪಾಸಾದದ್ದು ಇರಬೇಕು, ಇಲ್ಲವೇ ಕನಿಷ್ಠ 10 ಗಂಟೆ ಕಮಾಂಡ್‌ನಲ್ಲಿ ಹಾರಿದ್ದು ಕಾಣಬೇಕು. ಹೊರಗೆ ಕಾಣದಾಗ ಉಪಕರಣ ನೋಡಿ ಹಾರುವ ಪರೀಕ್ಷೆಯ, ಅಂದರೆ ಇನ್‌ಸ್ಟ್ರುಮೆಂಟ್ ಪ್ರೊಫಿಶಿಯೆನ್ಸಿ ಚೆಕ್‌ನ, ಪುಟವನ್ನು ಮರೆಯದೆ ಸೇರಿಸಿ. ಅದಿದ್ದರೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಅದೇ ದಿನ ಸಿಗುತ್ತದೆ. 120 ದಿನ ನಡೆಯುವ ತಾತ್ಕಾಲಿಕ ಲೈಸೆನ್ಸ್ ಕೈಗೆ ಕೊಡುತ್ತಾರೆ, ಪ್ಲಾಸ್ಟಿಕ್ ಕಾರ್ಡ್ ಆಮೇಲೆ ಅಂಚೆಯಲ್ಲಿ ಬರುತ್ತದೆ.

ಕೌಶಲ್ಯ ಸಾಲದೆಂದೋ ಹಾರಾಟಕ್ಕೆ ಸಂಬಂಧಿಸಿದ ಶಿಸ್ತುಕ್ರಮದಿಂದಲೋ ಹಾರಾಟದಿಂದ ತೆಗೆದವರಿಗೆ ಮಾತ್ರ ಈ ದಾರಿ ಇಲ್ಲ. ಇನ್ನೊಂದು ಮಾತು: ಸೇನೆಯಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದರೆ ಇನ್ನೊಂದು ಲಿಖಿತ ಪರೀಕ್ಷೆ ಬರೆದು ನಾಗರಿಕ ಇನ್‌ಸ್ಟ್ರಕ್ಟರ್ ಲೈಸೆನ್ಸ್ ಕೂಡ ಪಡೆಯಬಹುದು. ಎಷ್ಟೋ ಜನ ಇದನ್ನು ಕೈಬಿಡುತ್ತಾರೆ, ನನಗೆ ತುಂಬಾ ಬೇಸರದ ಸಂಗತಿ ಅದು. ಇಷ್ಟು ಕಡಿಮೆ ಖರ್ಚಿಗೆ ಇನ್ನೆಲ್ಲೂ ಸಿಗದು.

ಪ್ರಶ್ನೆ: ಧನ್ಯವಾದ ಸರ್. ಹಾಗಾದರೆ ಇದನ್ನೆಲ್ಲ ಹೊರಬಂದ ಮೇಲೆ ಮಾಡಿದರೂ ನಡೆಯುತ್ತದಲ್ಲವಾ?

ಉತ್ತರ (ಹೆಲಿಕಾಪ್ಟರ್ ಇನ್‌ಸ್ಟ್ರಕ್ಟರ್): ನಿಯಮದ ಪ್ರಕಾರ ನಡೆಯುತ್ತದೆ. ಆದರೂ ಸೇವೆಯಲ್ಲಿರುವಾಗಲೇ ಮಾಡಿಸಿ. ಕಷ್ಟ ಇರುವುದು ಲೈಸೆನ್ಸಿನಲ್ಲಲ್ಲ, ಲೆಕ್ಕದಲ್ಲಿ.

ಆರ್ಮಿಯ ಹಾರಾಟದ ಲೆಕ್ಕ ಡಿಎ ಫಾರ್ಮ್ 759ರಲ್ಲಿ ಇರುತ್ತದೆ. ಅಲ್ಲಿ ಡಿ ಅಂದರೆ ಹಗಲು, ಎನ್ ಅಂದರೆ ರಾತ್ರಿ, ಎನ್‌ಜಿ ಅಂದರೆ ಕತ್ತಲಲ್ಲಿ ಕಾಣಿಸುವ ಕನ್ನಡಕ ಹಾಕಿ ಹಾರಿದ್ದು, ಡಬ್ಲ್ಯೂ ಅಂದರೆ ನಿಜವಾದ ಮೋಡದೊಳಗೆ, ಎಚ್ ಅಂದರೆ ಹೊರಗೆ ಕಾಣದಂತೆ ಮರೆಮಾಡುವ ಹುಡ್ ಹಾಕಿ ಹಾರಿದ್ದು. ಪಿಸಿ ಅಂದರೆ ಕಮಾಂಡ್‌ನಲ್ಲಿದ್ದವನು, ಪಿಐ ಅಂದರೆ ಜೊತೆಯ ಪೈಲಟ್. ಕ್ರಾಸ್ ಕಂಟ್ರಿಗೆ, ಅಂದರೆ ಹೊರಟ ಜಾಗ ಬಿಟ್ಟು ಬೇರೆ ಜಾಗಕ್ಕೆ ಹಾರಿದ್ದಕ್ಕೆ, ಮಾತ್ರ ಅಲ್ಲಿ ಅಂಕಣವೇ ಇಲ್ಲ! ಆದರೆ ಪೈಲಟ್ ಲೈಸೆನ್ಸ್‌ಗಳಲ್ಲಿ ಅತಿ ಮೇಲಿನದಾದ ಎಟಿಪಿಗೆ, ಹೆಲಿಕಾಪ್ಟರ್‌ನಲ್ಲಿ, ಒಟ್ಟು 1,200 ಗಂಟೆ, ಅದರಲ್ಲಿ 500 ಕ್ರಾಸ್ ಕಂಟ್ರಿ, 100 ರಾತ್ರಿ, 75 ಇನ್‌ಸ್ಟ್ರುಮೆಂಟ್ ಬೇಕು. ಅಂಕಣ ಇಲ್ಲದ 500 ಗಂಟೆಯನ್ನು ತೋರಿಸುವುದು ಹೇಗೆ? ಸ್ವಂತ ಲಾಗ್‌ಬುಕ್ಕಿನಲ್ಲಿ ಪ್ರತಿ ಹಾರಾಟದ ಹೊರಟ ಜಾಗ, ಇಳಿದ ಜಾಗ ಬರೆದಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಘಟಕದ ಹಳೆಯ ಮಿಷನ್ ಹಾಳೆಗಳು ಸೇವೆಯಲ್ಲಿರುವವರೆಗೆ ಕೇಳಿದರೆ ಸಿಗುತ್ತವೆ, ಬಿಟ್ಟಮೇಲೆ ಯಾರೂ ಹುಡುಕಿಕೊಡುವುದಿಲ್ಲ. ಹುಡುಗನಿಗೆ ಇವತ್ತೇ ಕೂತು ಬರೆಯಲು ಹೇಳಿ.

ಇನ್‌ಸ್ಟ್ರುಮೆಂಟ್ ಗಂಟೆಯೂ ಆರ್ಮಿಯವರಿಗೆ ಕಡಿಮೆ ಬೀಳುವುದೇ ಹೆಚ್ಚು. 75ರಲ್ಲಿ ಕನಿಷ್ಠ 50 ನಿಜವಾದ ಹಾರಾಟದಲ್ಲೇ ಆಗಬೇಕು, ಆ 50 ಅನ್ನು ಸಿಮ್ಯುಲೇಟರ್ ಗಂಟೆ ಸೇರಿಸಿ ಭರ್ತಿ ಮಾಡಲಾಗದು. ಎಚ್ ಮತ್ತು ಡಬ್ಲ್ಯೂ ಎರಡನ್ನೂ ಕೂಡಿ ನೋಡಿ. ಕಡಿಮೆ ಇದ್ದರೆ ಉಳಿದ ತಿಂಗಳುಗಳಲ್ಲಿ ಹುಡ್ ಹಾಕಿ ಹಾರುವ ಅವಕಾಶ ಕೇಳಿಕೊಳ್ಳಲಿ.

ಪ್ರಶ್ನೆ (ಆರ್ಮಿಯಲ್ಲಿರುವ ಸದಸ್ಯ): ಸರ್, ನನಗೆ ಏರ್‌ಲೈನ್ ಕಡೆ ಹೋಗುವ ಆಸೆ. 900 ಗಂಟೆ ಹೆಲಿಕಾಪ್ಟರ್. 750 ಸಾಕು ಅಂತ ಕೇಳಿದ್ದೇನೆ, ನಿಜವಾ?

ಉತ್ತರ (ವಿಮಾನ ಇನ್‌ಸ್ಟ್ರಕ್ಟರ್): ಅರ್ಧ ನಿಜ. ಮಿಲಿಟರಿ ಪೈಲಟ್‌ಗಳಿಗೆ ನಿರ್ಬಂಧಿತ ಎಟಿಪಿ (ಏರ್‌ಲೈನ್‌ನಲ್ಲಿ ಸಹ ಪೈಲಟ್ ಆಗಲು ಸಾಲುವಂಥದ್ದು) 750 ಗಂಟೆಗೆ, 21 ವಯಸ್ಸಿಗೆ ಸಿಗುತ್ತದೆ. ಆ 750ರಲ್ಲಿ ಹೆಲಿಕಾಪ್ಟರ್ ಗಂಟೆಯೂ ಸೇರುತ್ತದೆ. ಆದರೆ ರೆಕ್ಕೆಯ ವಿಮಾನದಲ್ಲಿ ಕಮಾಂಡ್ ಹೊತ್ತ 250 ಗಂಟೆ ಬೇಕೇ ಬೇಕು, ಮಲ್ಟಿ ಇಂಜಿನ್‌ನಲ್ಲಿ 50. ಇದಕ್ಕೆ ರಿಯಾಯಿತಿ ಇಲ್ಲ. ಹೆಲಿಕಾಪ್ಟರ್‌ನಲ್ಲಿ 3,000 ಗಂಟೆ ಇದ್ದವರೂ ಈ 250 ತುಂಬಲೇಬೇಕು.

ಕ್ರಮ ಹೀಗಿಟ್ಟುಕೊಳ್ಳಿ. ಕಮರ್ಷಿಯಲ್ ಹೆಲಿಕಾಪ್ಟರ್ ಲೈಸೆನ್ಸ್ ಮೊದಲು ಕೈಯಲ್ಲಿರಲಿ. ಅದಿದ್ದರೆ ವಿಮಾನದ ಕಮರ್ಷಿಯಲ್‌ಗೂ ಇನ್‌ಸ್ಟ್ರುಮೆಂಟ್‌ಗೂ ಮತ್ತೆ ಲಿಖಿತ ಪರೀಕ್ಷೆ ಇಲ್ಲ, ಹಾರಾಟ ಪರೀಕ್ಷೆ ಮಾತ್ರ. ಕಮರ್ಷಿಯಲ್‌ಗೆ ವಿಮಾನದಲ್ಲೇ 50 ಗಂಟೆ ಕಮಾಂಡ್ ಬೇಕು, ಅದರಲ್ಲಿ 300 ನಾಟಿಕಲ್ ಮೈಲಿಯ ಒಂದು ಉದ್ದದ ಪಯಣವೂ ಸೇರಬೇಕು. ಗಂಟೆ ತುಂಬುವಾಗ ಒಂದೇ ಊರಿನ ಸುತ್ತ ಸುತ್ತಬೇಡಿ. 250ರೊಳಗೇ 100 ಗಂಟೆ ಕ್ರಾಸ್ ಕಂಟ್ರಿ, 25 ಗಂಟೆ ರಾತ್ರಿ ಕಮಾಂಡ್ ಬೇಕು. ವಿಮಾನದ ಎಟಿಪಿ ಲೆಕ್ಕಕ್ಕೆ ಹೊರಟಲ್ಲಿಂದ 50 ನಾಟಿಕಲ್ ಮೈಲಿ ಆಚೆ ಹೋಗಿ ಬಂದರೆ ಸಾಕು, ಇಳಿಯಲೇಬೇಕೆಂದಿಲ್ಲ. ಕೊನೆಗೆ ಎಟಿಪಿ-ಸಿಟಿಪಿ ಎಂಬ ಎಟಿಪಿ ಪೂರ್ವಸಿದ್ಧತೆಯ ಕೋರ್ಸ್: 30 ಗಂಟೆ ತರಗತಿ, 10 ಗಂಟೆ ಸಿಮ್ಯುಲೇಟರ್. ಅದು ಮುಗಿಯದೆ ಎಟಿಪಿ ಲಿಖಿತ ಪರೀಕ್ಷೆಗೆ ಕೂರಿಸುವುದಿಲ್ಲ.

ಸೈನಿಕರ ಓದಿಗೆ ಸರ್ಕಾರ ಕೊಡುವ ಜಿಐ ಬಿಲ್ ಹಣ ಬಳಸುವುದಾದರೆ ನೆನಪಿಡಿ, ಮೊದಲ ಪ್ರೈವೇಟ್ ಲೈಸೆನ್ಸ್‌ಗೆ ಅದು ಬರುವುದಿಲ್ಲ. ನಿಮಗೆ 61.73ರಿಂದ ಕಮರ್ಷಿಯಲ್ ಸಿಕ್ಕಿರುತ್ತದಲ್ಲ, ಹಾಗಾಗಿ ಆ ಅಡ್ಡಿ ನಿಮಗಿಲ್ಲ. ಹೆಲಿಕಾಪ್ಟರ್ ಲೈಸೆನ್ಸ್ ಮೊದಲು ತೆಗೆದುಕೊಳ್ಳಿ ಎಂದದ್ದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಮೆಡಿಕಲ್‌ನಲ್ಲಿ ತೊಂದರೆ ಆಗುತ್ತದಾ? ಬೆನ್ನುನೋವಿಗೆ ಮಾಜಿ ಸೈನಿಕರ ಇಲಾಖೆ ವಿಎಯಿಂದ ಅಂಗವೈಕಲ್ಯ ಭತ್ಯೆ ಸಿಗುವ ಹಾಗಿದೆ.

ಉತ್ತರ (ಹೆಲಿಕಾಪ್ಟರ್ ಇನ್‌ಸ್ಟ್ರಕ್ಟರ್): ಭತ್ಯೆ ಇದ್ದಮಾತ್ರಕ್ಕೆ ತೊಂದರೆ ಇಲ್ಲ, ಮುಚ್ಚಿಟ್ಟರೆ ದೊಡ್ಡ ತೊಂದರೆ. ಎಫ್‌ಎಎ ಮೆಡಿಕಲ್‌ಗೆ ತುಂಬುವ ಮೆಡ್‌ಎಕ್ಸ್‌ಪ್ರೆಸ್ ಅರ್ಜಿಯಲ್ಲಿ ವೈದ್ಯಕೀಯ ಅಂಗವೈಕಲ್ಯ ಭತ್ಯೆ ಬರುತ್ತಿದೆಯೇ ಎಂದು ನೇರವಾಗಿ ಕೇಳುತ್ತಾರೆ. ವಿಎಗೆ ಒಂದು ಹೇಳಿ ಎಫ್‌ಎಎಗೆ ಇನ್ನೊಂದು ಹೇಳಿರಬಹುದೆಂಬ ಅನುಮಾನದಲ್ಲಿ ಸುಮಾರು 4,800 ಪೈಲಟ್‌ಗಳ ದಾಖಲೆ ಪರಿಶೀಲಿಸಿದ ವಿಷಯ 2023ರಲ್ಲಿ ಹೊರಬಂತು. ನಿದ್ರೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆಯ ಮಾತ್ರೆ, ಪಿಟಿಎಸ್‌ಡಿ (ಆಘಾತದ ನಂತರದ ಮಾನಸಿಕ ತೊಂದರೆ), ಇವುಗಳಲ್ಲಿ ಯಾವುದಾದರೂ ವಿಎ ಪತ್ರದಲ್ಲಿದ್ದರೆ ಎಲ್ಲ ಕಾಗದದೊಂದಿಗೆ ಮೊದಲೇ ಏವಿಯೇಷನ್ ಮೆಡಿಕಲ್ ಎಕ್ಸಾಮಿನರ್ ಬಳಿ ಮಾತಾಡಿ, ಆಮೇಲೆ ಅರ್ಜಿ ಸಲ್ಲಿಸಿ. ಲೈಸೆನ್ಸ್ ಪಡೆಯಲು ಮೆಡಿಕಲ್ ಬೇಕಿಲ್ಲ, ಸಂಬಳಕ್ಕೆ ಹಾರಲು ಕನಿಷ್ಠ ಎರಡನೇ ದರ್ಜೆ ಬೇಕು.

ಪ್ರಶ್ನೆ: ಏರ್ ಆಂಬುಲೆನ್ಸ್‌ಗೆ ಹೋಗುವವರೆಗೆ ಕೈ ತಪ್ಪಬಾರದೆಂದು ರಾಬಿನ್ಸನ್ ಕಂಪನಿಯ ಆರ್44 ಎಂಬ ಸಣ್ಣ ಹೆಲಿಕಾಪ್ಟರನ್ನು ಬಾಡಿಗೆಗೆ ಪಡೆದು ಹಾರಿಸುವ ಯೋಚನೆ. ಬ್ಲ್ಯಾಕ್ ಹಾಕ್ ಹಾರಿಸಿದವನಿಗೆ ಅದು ಸುಲಭ ಅಲ್ಲವಾ?

ಉತ್ತರ (ಹೆಲಿಕಾಪ್ಟರ್ ಇನ್‌ಸ್ಟ್ರಕ್ಟರ್): ಹಾಗೆ ಅಂದುಕೊಳ್ಳಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ರಾಬಿನ್ಸನ್‌ಗೆ ಎಸ್‌ಎಫ್‌ಎಆರ್ 73 ಎಂಬ ಪ್ರತ್ಯೇಕ ನಿಯಮವೇ ಇದೆ. ಎಷ್ಟು ಗಂಟೆ ಅನುಭವ ಇದ್ದರೂ ಅದರ ತರಬೇತಿ ಮತ್ತು ಇನ್‌ಸ್ಟ್ರಕ್ಟರ್ ಸಹಿ ಇಲ್ಲದೆ ಕಮಾಂಡ್‌ನಲ್ಲಿ ಕೂರುವಂತಿಲ್ಲ.

ಕಾರಣ ರೋಟರಿನಲ್ಲಿದೆ. ಬ್ಲ್ಯಾಕ್ ಹಾಕ್‌ನ ನಾಲ್ಕು ಬ್ಲೇಡ್‌ಗಳು ಹಬ್‌ಗೆ (ರೋಟರಿನ ನಡುಭಾಗಕ್ಕೆ) ಬೇರೆಬೇರೆಯಾಗಿ ಕೂಡಿವೆ, ಆರ್44ರ ಎರಡು ಬ್ಲೇಡ್ ತಕ್ಕಡಿಯಂತೆ ಒಂದೇ ಕೀಲಿನ ಮೇಲೆ ತೂಗುತ್ತವೆ. ಗುಡ್ಡ ದಾಟಿ ಸೈಕ್ಲಿಕ್ ಎಂಬ ನಿಯಂತ್ರಣ ಕೋಲನ್ನು ಮುಂದಕ್ಕೆ ತಳ್ಳಿದಿರೆನ್ನಿ. ಮೈ ಹಗುರಾಗುತ್ತದೆ, ರೋಟರ್ ಮೇಲಿನ ಭಾರ ಹೋಗುತ್ತದೆ, ಟೇಲ್ ರೋಟರ್ ತಳ್ಳುತ್ತಲೇ ಇರುವುದರಿಂದ ಹೆಲಿಕಾಪ್ಟರ್ ಬಲಕ್ಕೆ ಉರುಳತೊಡಗುತ್ತದೆ. ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ರೋಟರ್ ಎಡಕ್ಕೆ ವಾಲುತ್ತದೆ, ಮೈ ಮಾತ್ರ ಅದರ ಹಿಂದೆ ಬರುವುದಿಲ್ಲ, ಹಬ್ ರೋಟರಿನ ಕಂಬವಾದ ಮಾಸ್ಟ್‌ಗೆ ಬಡಿದು ಮಾಸ್ಟ್ ಮುರಿಯುತ್ತದೆ. ಮೊದಲು ಸೈಕ್ಲಿಕ್ ಮೆಲ್ಲಗೆ ಹಿಂದಕ್ಕೆ ತಂದು ರೋಟರ್ ಮೇಲೆ ಭಾರ ಬರಿಸಿ, ಉರುಳುವಿಕೆಯನ್ನು ಆಮೇಲೆ ಸರಿಪಡಿಸಬೇಕು. ಸಾವಿರ ಗಂಟೆಯ ಅಭ್ಯಾಸವೇ ಇಲ್ಲಿ ಎದುರಾಳಿ.

ಏರ್ ಆಂಬುಲೆನ್ಸ್‌ಗೆ 2017ರ ಏಪ್ರಿಲ್‌ನಿಂದ ಹೆಲಿಕಾಪ್ಟರ್ ಇನ್‌ಸ್ಟ್ರುಮೆಂಟ್ ರೇಟಿಂಗ್ ಅಥವಾ ಎಟಿಪಿ ಕಡ್ಡಾಯ. ಮೇಲೆ ಹೇಳಿದ ಇನ್‌ಸ್ಟ್ರುಮೆಂಟ್ ಚೆಕ್‌ನ ಆ ಪುಟ ಇಲ್ಲಿ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ (ಬೆಂಗಳೂರಿನಿಂದ): ಸರ್, ನಮ್ಮವರು ಭಾರತೀಯ ಸೇನೆಯಲ್ಲಿ ಚೇತಕ್ ಹಾರಿಸಿದವರು. 61.73 ಅವರಿಗೂ ಅನ್ವಯಿಸುತ್ತದಾ?

ಉತ್ತರ (ವಿಮಾನ ಇನ್‌ಸ್ಟ್ರಕ್ಟರ್): ಇಲ್ಲ ಮೇಡಂ. ಹೊರದೇಶದ ಸೇನೆಯ ಪೈಲಟ್‌ಗೆ ಅದು ಸಿಗಬೇಕಾದರೆ ತರಬೇತಿಗಲ್ಲದೆ ಪೈಲಟ್ ಕೆಲಸಕ್ಕಾಗಿಯೇ ಅಮೆರಿಕದ ಸೇನೆಗೆ ನಿಯೋಜಿತರಾಗಿರಬೇಕು. ನಿಮ್ಮವರು ಇಲ್ಲಿ ಅಮೆರಿಕದಲ್ಲಿ ಎಲ್ಲರಂತೆ ಲಿಖಿತ ಮತ್ತು ಹಾರಾಟ ಪರೀಕ್ಷೆ ಎರಡನ್ನೂ ಕೊಡಬೇಕು. ಭಾರತದಲ್ಲೇ ಹಾರುವುದಾದರೆ ಅಲ್ಲಿನ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಲೈಸೆನ್ಸ್ ನೋಡಿ. ಅಲ್ಲಿ ಲಿಖಿತ ಪತ್ರಿಕೆಗಳಿಗೆ ಪಾಸ್ ಅಂಕ ಶೇ. 70. ಒಂದನೇ ದರ್ಜೆಯ ಮೆಡಿಕಲ್ ಅನ್ನು ನಿಮ್ಮೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲೇ ಮಾಡಿಸಬಹುದು. ಸೇನಾ ಲಾಗ್‌ಬುಕ್ಕನ್ನು ನಿವೃತ್ತಿಗೆ ಮುಂಚೆಯೇ ದೃಢೀಕರಿಸಿಕೊಳ್ಳಲಿ.