ಬಾಸ್‌ಗೆ ಬಕೆಟ್ ಹಿಡಿಯೋರ ಜೊತೆ ಕೆಲಸ ಮಾಡಿದ್ದೀರಾ? ಅನುಭವ ಹೇಳಿ

ಎಂಟನೇ ಕುರ್ಚಿ: ಎಂಟು ಜನರ ಟೀಮು ನಮ್ಮದು. ಒಬ್ಬರು ಮ್ಯಾನೇಜರ್‌ಗೆ ಮಾತು ಮುಗಿಸೋಕೂ ಬಿಡದೆ "ಸೂಪರ್ ಸರ್" ಅಂತಾರೆ. ಮೊದಲು ನಾವಿಬ್ಬರೂ ತುಂಬಾ ಕ್ಲೋಸ್. ಈಗ ಅವರ ಮುಂದೆ ಯಾರೂ ಬಾಯಿ ಬಿಡಲ್ಲ, ನಾನೂ ಅಷ್ಟೇ. ಅಪ್ರೈಸಲ್‌ಗೆ ಎರಡು ತಿಂಗಳಿದೆ. ನಾನೂ ಚೂರು ಬೆಣ್ಣೆ ಹಚ್ಚೋದಾ, ಸುಮ್ಮನಿರೋದಾ? ಅವರ ಜೊತೆಗಿನ ಸ್ನೇಹ ಉಳಿಸಿಕೊಳ್ಳೋದು ಹೇಗೆ?

ಹಳೇ ಫೈಲು: ಒಂದೇ ಕಡೆ ಒಂಬತ್ತು ವರ್ಷ ಇದ್ದೆ, ಒಂದು ದಿನ ಬಕೆಟ್ ಹಿಡಿದವನಲ್ಲ. ಲೆಕ್ಕ ಕೇಳಿ. ನನ್ನ ಸಂಬಳದ ಹೈಕ್ ವರ್ಷಕ್ಕೆ ಸರಾಸರಿ ಶೇ. 3. ಪಕ್ಕದ ಸೀಟಿನ ಹೊಗಳುಭಟ್ಟನಿಗೆ ಶೇ. 8. ಇಬ್ಬರೂ ನೂರರಿಂದ ಶುರು ಮಾಡಿದ್ವಿ ಅಂದ್ಕೊಳ್ಳಿ, ಒಂಬತ್ತು ವರ್ಷಕ್ಕೆ ನಾನು 130, ಅವನು 200. ಬೋನಸ್ಸೂ ಅದರ ಮೇಲೇ ನಿಂತಿರುತ್ತೆ. ಅವನಿಗೆ ಕೆಲಸ ಕಲಿಸಿದ್ದೇ ನಾನು. ಎಕ್ಸೆಲ್‌ನಲ್ಲಿ ವಿಲುಕಪ್ ಫಾರ್ಮುಲಾ ಹಾಕೋದನ್ನ ನನ್ನ ಹತ್ತಿರವೇ ಮೂರು ಸಲ ಹೇಳಿಸಿಕೊಂಡ. ಆರನೇ ವರ್ಷ ನನಗೇ ಮ್ಯಾನೇಜರ್ ಆಗಿ ಬಂದು "ಇವರಲ್ಲಿ ಉತ್ಸಾಹ ಕಾಣ್ತಿಲ್ಲ" ಅಂತ ರಿವ್ಯೂ ಬರೆದ. ಆದ್ರೂ ರಾತ್ರಿ ನನಗೆ ನಿದ್ದೆ ಚೆನ್ನಾಗಿ ಬರುತ್ತೆ.

ಮಾಜಿ ಬಕೆಟ್: ನಿದ್ದೆ ಚೆನ್ನಾಗಿ ಬರೋರು ಪಕ್ಕದವನ ಹೈಕನ್ನ ಇಷ್ಟು ವರ್ಷ ನೆನಪಿಟ್ಟಿರಲ್ಲ ಸಾರ್. ನಾನು ಆ ಕಡೆಯವನು. ಮೂರು ವರ್ಷ ಹಿಡಿದೆ. ಬಾಸ್ ಸ್ಲೈಡಿನ ಫಾಂಟ್ ಚೆನ್ನಾಗಿದೆ ಅಂತ ಮೀಟಿಂಗಲ್ಲಿ ಹೇಳಿದ್ದೀನಿ, ಅದು ಡೀಫಾಲ್ಟ್ ಫಾಂಟು. ಎರಡು ಪ್ರಮೋಷನ್ ಬಂತು, ಸುಳ್ಳು ಹೇಳಲ್ಲ. ಯಾರೂ ನನ್ನ ಹತ್ತಿರ ಜಗಳ ಆಡಲಿಲ್ಲ. ನಾನು ಬಂದ ಕೂಡಲೇ ಮಾತು ನಿಲ್ತಿತ್ತು. ಒಂದ್ಸಲ ಟೀಮಿನ ಹುಡುಗಿ ಸ್ಕ್ರೀನ್ ಶೇರ್ ಮಾಡಿದ್ಲು, ಮೂಲೆಯಲ್ಲಿ ವಾಟ್ಸಾಪ್ ಮೆಸೇಜು ಬಂತು. ಗ್ರೂಪಿನ ಹೆಸರು "ಬಕೆಟ್ ಬಿಟ್ಟು". ಗಾಬರಿಯಲ್ಲಿ ಮುಚ್ಚೋಕೆ ಹೋಗಿ ಪೂರ್ತಿ ಚಾಟನ್ನೇ ತೆರೆದುಬಿಟ್ಲು. ಅದಾಗಿ ಒಂದು ತಿಂಗಳಿಗೆ ಹಳೇ ಅಂಕಿ ಇಟ್ಕೊಂಡು ಗ್ರಾಹಕರ ಮುಂದೆ ನಿಂತೆ. ಡೇಟಾ ಬದಲಾಗಿದ್ದು ನನ್ನೊಬ್ಬನನ್ನ ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಕೇಳಿದ್ರೆ "ನಿಮಗೆ ಬಾಸೇ ಹೇಳಿರ್ತಾರೆ ಅಂದ್ಕೊಂಡ್ವಿ" ಅಂದರು. ಅಷ್ಟರಲ್ಲಿ ಬಾಸ್ ಬೇರೆ ಕಡೆ ಹೋದ. ಹೊಸಬರ ಕಣ್ಣಿಗೆ ನಾನು ಹಳೇ ಬಾಸಿನ ಬಾಲ. 14 ತಿಂಗಳು ಒಂದು ಒಳ್ಳೇ ಪ್ರಾಜೆಕ್ಟ್ ಕೊಡಲಿಲ್ಲ. ರಾಜೀನಾಮೆ ಕೊಟ್ಟು 90 ದಿನದ ನೋಟಿಸ್ ಪೂರ್ತಿ ಕೂತೆ. ಬೀಳ್ಕೊಡುಗೆ ಕಾರ್ಡಲ್ಲಿ ನಾಲ್ಕೇ ಸಹಿ, ಅದರಲ್ಲೊಂದು ಎಚ್‌ಆರ್‌ದು.

ಮಧ್ಯದ ಮೆಟ್ಟಿಲು: ಹನ್ನೆರಡು ಜನಕ್ಕೆ ಲೀಡ್ ನಾನು. ಯಾರು ಹೊಗಳ್ತಿದ್ದಾರೆ ಅಂತ ನಮಗೆ ಗೊತ್ತಾಗಲ್ಲ ಅಂದ್ಕೋಬೇಡಿ. ಗೊತ್ತಾಗುತ್ತೆ, ಆದರೂ ಹಿತವಾಗಿರುತ್ತೆ, ಅದೇ ತಾಪತ್ರಯ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಜೋನ್ಸ್ 1964ರಲ್ಲೇ ಇದನ್ನ ಬಿಡಿಸಿಟ್ಟಿದ್ದಾರೆ. ಹೇಳಿದ್ದಕ್ಕೆಲ್ಲ ಹೂಂ ಅನ್ನೋದು, ಸಣ್ಣಪುಟ್ಟ ಉಪಕಾರ ಮಾಡೋದು, ಇವೂ ಹೊಗಳಿಕೆಯ ಸಾಲಿಗೇ. ಯಾರಿಗೆ ಕೆಲಸ ಆಗಬೇಕೋ ಅವರ ಮಾತಿನ ಮೇಲೇ ಜಾಸ್ತಿ ಅನುಮಾನ. ನನ್ನ ಪ್ಲಾನಿಗೆ ಒಬ್ಬ ಆರು ವಾರ ಹೂಂ ಅಂದ. ಏಳನೇ ವಾರ ರಿಲೀಸ್ ಮುಗ್ಗರಿಸಿತು. ಹೀಗಾಗುತ್ತೆ ಅಂತ ಅವನಿಗೆ ಎರಡನೇ ವಾರವೇ ಗೊತ್ತಿತ್ತಂತೆ! ಬೈಗುಳ ನನಗೆ, ಮೂರು ವಾರದ ಶನಿವಾರ ಭಾನುವಾರ ಹೋಗಿದ್ದು ಇಡೀ ಟೀಮಿಂದು. ಅವನ ಜೊತೆ ಇವತ್ತಿಗೂ ಯಾರೂ ಸರಿಯಾಗಿ ಮಾತಾಡಲ್ಲ.

ಹಳೇ ಫೈಲು: ಹಿತವಾಗಿರುತ್ತೆ ಅಂತ ಒಪ್ಪಿಕೊಂಡ್ರಲ್ಲ, ಸಾಕು.

ಮಧ್ಯದ ಮೆಟ್ಟಿಲು: ಹೈಕ್ ನಮ್ಮ ಕೈಯಲ್ಲಿಲ್ಲ ಸ್ವಾಮಿ, ಬೆಲ್ ಕರ್ವ್ ಕೈಯಲ್ಲಿದೆ, ಅಂದ್ರೆ ಮೇಲೆ ಇಷ್ಟು ಜನ, ಕೆಳಗೆ ಇಷ್ಟು ಜನ ಅಂತ ಮೊದಲೇ ಗೆರೆ ಎಳೆದಿಟ್ಟ ರೇಟಿಂಗ್ ಪದ್ಧತಿ. ಎಲ್ಲರೂ ಚೆನ್ನಾಗಿ ಮಾಡಿದ್ರೂ ಇಬ್ಬರನ್ನ ಕೆಳಗೆ ತಳ್ಳಲೇಬೇಕು. ಮೈಕ್ರೋಸಾಫ್ಟ್‌ನವರು 2013ರಲ್ಲೇ ಬಿಟ್ಟಿದ್ದನ್ನ ನಾವಿನ್ನೂ ಹೊತ್ಕೊಂಡಿದ್ದೀವಿ. ಒಬ್ಬ ಏರಬೇಕು ಅಂದ್ರೆ ಇನ್ನೊಬ್ಬ ಇಳೀಬೇಕು ಅಂತಾದ ಮೇಲೆ ಬಕೆಟ್‌ನವರನ್ನ ಕಂಡು ಮೈ ಉರಿಯದೆ ಇನ್ನೇನಾಗುತ್ತೆ?

ರಾತ್ರಿ ಪಾಳಿ: ಎಲ್ಲರೂ ಬಾಸ್ ಬಗ್ಗೆನೇ ಮಾತಾಡ್ತಿದ್ದೀರಿ. ನಮ್ಮಲ್ಲೊಬ್ಬಳು ಮೇಲಿನವರಿಗೆ ಜೇನು, ಹೊಸಬರಿಗೆ ಚೇಳು. ನಾನು ಹನ್ನೊಂದು ರಾತ್ರಿ ಕೂತು ಮಾಡಿದ ರಿಪೋರ್ಟಿನ ಮೊದಲ ಪುಟದಿಂದ ನನ್ನ ಹೆಸರು ತೆಗೆದು "ಸರ್ ಮಾರ್ಗದರ್ಶನದಲ್ಲಿ" ಅಂತ ಹಾಕಿದ್ಲು. ರೂಸ್ ವೊಂಕ್ ಅನ್ನೋ ಡಚ್ ಸಂಶೋಧಕಿ 1998ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಮೇಲಿನವರಿಗೆ ನಯ, ಕೆಳಗಿನವರಿಗೆ ಒದೆ ಅನ್ನೋರನ್ನ ಕಂಡ್ರೆ ನೋಡೋರಿಗೆ ವಿಪರೀತ ಅಸಹ್ಯ. ಅದಕ್ಕವರು 'ಲೋಳೆ ಪರಿಣಾಮ' ಅಂತಲೇ ಹೆಸರಿಟ್ಟರು. ನಾನು ಎಚ್‌ಆರ್‌ಗೆ ಮೇಲ್ ಹಾಕಿದೆ. ಟೀಮ್ ಪ್ಲೇಯರ್ ಅಲ್ಲ ಅನ್ನಿಸಿಕೊಂಡಿದ್ದು ನಾನೇ.

ಮಾಜಿ ಬಕೆಟ್: ನಾನು ಯಾವತ್ತೂ ಕೆಳಗಿನವರಿಗೆ ಒದ್ದಿಲ್ಲ.

ರಾತ್ರಿ ಪಾಳಿ: ಅದನ್ನ ಕೆಳಗಿದ್ದವರು ಹೇಳಬೇಕು.

ಮಾಜಿ ಬಕೆಟ್: ನಿಮ್ಮ ಹೆಸರು ತೆಗೆದವಳ ಸಿಟ್ಟು ನನ್ನ ಮೇಲೆ ಯಾಕೆ?

ಅಂಕಿಸಂಖ್ಯೆ: ಹಳೇ ಫೈಲು ಅವರೇ, ಶೇ. 8ರಂತೆ ಒಂಬತ್ತು ವರ್ಷಕ್ಕೆ 199.90 ಆಗುತ್ತೆ, 200 ಅಲ್ಲ.

ಹಳೇ ಫೈಲು: ಆ 0.10 ನೀವೇ ಇಟ್ಕೊಳ್ಳಿ.

ಅಂಕಿಸಂಖ್ಯೆ: ನಿಮ್ಮದು 130.48. ಹತ್ತಿರ ಹತ್ತಿರ ಅರ್ಧ ಬಿಟ್ಟುಕೊಟ್ಟಿದ್ದೀರಿ. ಅಪ್ರೈಸಲ್‌ನಲ್ಲೂ ಹೀಗೇ ಬಿಟ್ಕೊಟ್ರಾ?

ಎಂಟನೇ ಕುರ್ಚಿ: ನಾನು ಸ್ನೇಹದ ಬಗ್ಗೆ ಕೇಳಿದ್ದೆ...

ಹಳೇ ಫೈಲು: ಇರಿ, ಬರ್ತೀನಿ. ಮೊದಲು ಇವರ ಲೆಕ್ಕ ಮುಗಿಸ್ತೀನಿ. ಮೂರನೇ ವರ್ಷ ನನಗೆ ಕೊಟ್ಟಿದ್ದು ಶೇ. 2.5, ಅದಕ್ಕೇ ಸರಾಸರಿ ಅಂದಿದ್ದು.