ಬರೀ ನೋಟಕ್ಕೇ ಫ್ಲೈಯಿಂಗ್ ವಿ ಗಿಟಾರ್ ತಗೋಬಹುದಾ?

ಪ್ರಶ್ನೆ: ಎಲ್ರಿಗೂ ನಮಸ್ಕಾರ, 1958ರ ಸ್ಟೈಲಲ್ಲಿ ಮಾಡಿರೋ ಒಂದು ಫ್ಲೈಯಿಂಗ್ ವಿ (ಇಂಗ್ಲಿಷ್ V ಅಕ್ಷರದ ಥರ ಎರಡು ರೆಕ್ಕೆ ಇರೋ ಎಲೆಕ್ಟ್ರಿಕ್ ಗಿಟಾರ್) ಅಂಗಡೀಲಿ ನೋಡ್ದೆ, ಜೇನಿನ ಬಣ್ಣದ ಮರ, ಚಿನ್ನದ ಬಣ್ಣದ ಬ್ರಿಡ್ಜು, ಅವತ್ತಿಂದ ಕಣ್ಮುಂದೆನೇ ಇದೆ. ಸೌಂಡ್ ಇನ್ನೂ ಸರಿಯಾಗಿ ಕೇಳಿಲ್ಲ. ನಾನು ಮನೇಲಿ ಕೂತ್ಕೊಂಡೇ ಜಾಸ್ತಿ ನುಡಿಸೋದು, ಆಗುತ್ತಾ?

ಉತ್ತರ 1: ತಗೊಳ್ಳಿ ಸರ್, ಕಣ್ಣಿಗೆ ಹಿಡಿಸಿದ ಗಿಟಾರ್ ಆದ್ರೆ ದಿನಾ ಕೈಗೆತ್ಕೋಬೇಕು ಅನ್ಸುತ್ತೆ. ಮಾಮೂಲಿ ಗಿಟಾರ್ ಥರ ಬಲತೊಡೆ ಮೇಲಿಟ್ರೆ ಜಾರುತ್ತೆ, ಅದಕ್ಕೇ ಗಿಬ್ಸನ್ ಕಂಪನಿಯವರು 1958ರಲ್ಲಿ ಮಾಡಿದ ವಿ-ನಲ್ಲಿ ಕೆಳಗಿನ ರೆಕ್ಕೆ ಅಂಚಿಗೆ ಗೀರುಗೀರು ಇರೋ ರಬ್ಬರ್ ಪಟ್ಟಿ ಹಾಕಿದ್ರು. ಎರಡು ರೆಕ್ಕೆ ನಡುವಿನ ಸಂದೀನ ತೊಡೆಗೆ ಸಿಕ್ಕಿಸಿ, ಕ್ಲಾಸಿಕಲ್ ಗಿಟಾರ್ ನುಡಿಸೋರ ಥರ ನೆಕ್ (ಗಿಟಾರಿನ ಉದ್ದನೆ ಕತ್ತು) ಮೇಲೆತ್ತಿ ಹಿಡೀರಿ, ಅದರ ಮೇಲಿನ ಕೊನೇ ಫ್ರೆಟ್ (ಲೋಹದ ಅಡ್ಡಪಟ್ಟಿ)‌ವರೆಗೂ ಕೈ ಆರಾಮಾಗಿ ಹೋಗುತ್ತೆ.

ಉತ್ತರ 2: ಬರೀ ಶೋಪೀಸ್ ಅಲ್ಲ ಗುರು ಅದು! ಶುರುವಲ್ಲಿ ಮಾರಾಟ ಆಗ್ದೆ ಬೇಗ ನಿಲ್ಲಿಸಿಬಿಟ್ರು ನಿಜ, ಆದ್ರೆ ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಆಲ್ಬರ್ಟ್ ಕಿಂಗ್ ಎಡಗೈಯವರು, ಬಲಗೈ ವಿ-ನೇ ತಲೆಕೆಳಗಾಗಿ ಹಿಡಿದು ಎಂಥಾ ಬ್ಲೂಸ್ ನುಡಿಸಿದ್ರು.

ಉತ್ತರ 3: ದುಡ್ಡು ಕೊಡೋ ಮುಂಚೆ ಸ್ಟ್ರಾಪ್ ಹಾಕಿ ನಿಂತು ಎಡಗೈ ಬಿಡಿ, ನೆಕ್ ಕೆಳಗೆ ಬೀಳುತ್ತಾ ನೋಡಿ. ಕೇಸ್ ಜೊತೆಗೇ ಕೇಳಿ, ಮಾಮೂಲಿ ಬ್ಯಾಗಲ್ಲಿ ಹಿಡಿಯಲ್ಲ, ನಂದು ಬಸ್ಸಲ್ಲಿ ತರುವಾಗ ರೆಕ್ಕೆ ತುದಿ ಚಕ್ಕೆ ಎದ್ದು ಇವತ್ತಿಗೂ ಬೇಜಾರು.