ಸಿಸ್ಪ್ಲಾಟಿನ್ ಬದಲು ಪ್ಲಾಟಿನಂ ಗುಳಿಗೆ: ಸಾಟ್ರಾಪ್ಲಾಟಿನ್ ಏನಾತು?

ಡೇಕೇರ್ ಸಿಸ್ಟರ್, ಕಲಬುರಗಿ:
ಮೇ ತಿಂಗಳ ಬಿಸಿಲಾಗ ಸಿಸ್ಪ್ಲಾಟಿನ್ (ನರಕ್ಕ ಹಚ್ಚೋ ಪ್ಲಾಟಿನಂ ಕ್ಯಾನ್ಸರ್ ಔಷಧ) ತಗೊಂಡವರ ಕಿಡ್ನಿ ಕಾಯೋದೇ ದೊಡ್ಡ ಕೆಲಸ. ಚಿಂಚೋಳಿ, ಸೇಡಂ ಕಡಿಂದ ಬಂದವರಿಗೆ ಸಲಾಯಿನ್ ಮುಗಿಯೋದ್ರಾಗ ಸಂಜಿ ಆಗ್ತದ. ಸಾಟ್ರಾಪ್ಲಾಟಿನ್ ಅಂತ ಬಾಯಿಂದ ನುಂಗೋ ಪ್ಲಾಟಿನಂ ಟ್ರಯಲ್‌ನಾಗಿತ್ತು, ಕಿಡ್ನಿಗೆ ಅಷ್ಟು ಪೆಟ್ಟಿಲ್ಲಂತ. ಪೇಟೆಗೆ ಯಾಕ ಬರಲಿಲ್ರಿ?

ಫಾರ್ಮಸಿ, ಬೀದರ್:
ಕಿಡ್ನಿಗೆ ಕಡಿಮಿ ಖರೆ, ಆದ್ರ ಪೆಟ್ಟು ಎಲುಬಿನ ಮಜ್ಜೆಗೆ ಬೀಳ್ತದ. ಬಿಳಿ ಕಣ, ಪ್ಲೇಟ್ಲೆಟ್ ಎರಡೂ ಇಳೀತಾವ. ಸಲಾಯಿನ್ ಹಚ್ಚೋದು ಉಳಿದ್ರ ಸಿಬಿಸಿಗೆ (ರಕ್ತಕಣ ಎಣಿಸೋ ಪರೀಕ್ಷೆ) ಓಡಾಟ ಶುರು. ಇನ್ನೊಂದು ತೊಡಕು: ಒಂದೇ ಸಲ ದೊಡ್ಡ ಡೋಸ್ ಕೊಟ್ರ ಕರುಳು ಒಂದು ಮಿತಿ ದಾಟಿ ಹೀರಂಗಿಲ್ಲ. ಅದಕ್ಕ 5 ದಿನಕ್ಕ ಹಂಚಿದ್ರು: ಮೈ ಮೇಲ್ಮೈಯ ಚದರ ಮೀಟರಿಗೆ ದಿನಕ್ಕ 80 ಮಿಗ್ರಾಂ, 35 ದಿನಕ್ಕೊಂದು ಸುತ್ತು. 1.6 ಚದರ ಮೀಟರ್ ಮೈಗೆ ದಿನಕ್ಕ 128 ಮಿಗ್ರಾಂ.

ಟ್ರಯಲ್ ಕೋಆರ್ಡಿನೇಟರ್:
ನಿಂತಿದ್ದು ಬ್ಯಾರೆ ಕಾರಣಕ್ಕ. ಸ್ಪಾರ್ಕ್ ಟ್ರಯಲ್‌ನಾಗ 950 ಮಂದಿ, ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ಪ್ರಾಸ್ಟೇಟ್ ಕ್ಯಾನ್ಸರ್, ಮೊದಲೇ ಒಂದು ಕೀಮೋ ಆದವರು. ಪ್ರೆಡ್ನಿಸೋನ್ ಅನ್ನೋ ಸ್ಟೀರಾಯ್ಡ್ ಎರಡೂ ಗುಂಪಿಗೆ ಇತ್ತು. ರೋಗ ಮುಂದುವರಿಯೋತನಕದ ಮೀಡಿಯನ್ (ನಡುವಿನ) ಅವಧಿ ಸಾಟ್ರಾಪ್ಲಾಟಿನ್‌ಗೆ 11.1 ವಾರ, ಪ್ಲಾಸಿಬೋಗೆ (ಔಷಧ ಇಲ್ಲದ ಹುಸಿ ಗುಳಿಗೆ) 9.7. ಬದುಕಿದ ಅವಧಿ ಎರಡೂ ಕಡಿ ಸುಮಾರು 61 ವಾರ. 2007ರಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಲಹಾ ಸಮಿತಿ, ಬದುಕಿನ ಲೆಕ್ಕ ಬರೋತನಕ ತಡೀರಿ ಅಂತು. ಕಂಪನಿ ಅರ್ಜಿ ವಾಪಸ್ ತಗೊಂತು. ಹತ್ತು ದಿನದ ಲಾಭ, ನನಗ ಕೇಳಿದ್ರ ಸಮಿತಿ ಮಾಡಿದ್ದು ಸರಿ.

ಆಂಕಾಲಜಿ ನರ್ಸ್, ಯಾದಗಿರಿ:
ಸದ್ಯ ಸಿಸ್ಪ್ಲಾಟಿನ್ನೇ ಗತಿ, ಅದನ್ನೇ ನೆಟ್ಟಗ ಮಾಡ್ರಿ. ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಪೊಟ್ಯಾಸಿಯಂ ರಿಪೋರ್ಟ್ ಹಿಂದಿನ ದಿನಾನೇ ತರಿಸ್ಕೊಂಡ್ರ ಮುಂಜಾನಿ 9ಕ್ಕ ಸಲಾಯಿನ್ ಹಚ್ಚಬಹುದು. ಪೊಟ್ಯಾಸಿಯಂ ಏರಿಲ್ಲದವರಿಗೆ, ಡಾಕ್ಟರ್ ಬರೆದಿದ್ರ, 1 ಲೀಟರ್ ನಾರ್ಮಲ್ ಸಲಾಯಿನ್‌ಗೆ 15% ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) 10 ಮಿಲಿ, 50% ಮ್ಯಾಗ್ನೀಸಿಯಂ ಸಲ್ಫೇಟ್ 4 ಮಿಲಿ, 2 ತಾಸು. ಆಮ್ಯಾಲ ಸಿಸ್ಪ್ಲಾಟಿನ್ 500 ಮಿಲಿ ಸಲಾಯಿನ್‌ನಾಗ 1 ತಾಸು, ಮತ್ತೊಂದು ಲೀಟರ್ 2 ತಾಸು. ಮಧ್ಯಾಹ್ನ ಎರಡೂವರಿಗೆ ಬಿಡಬಹುದು. ಮೂತ್ರ ತಾಸಿಗೆ 100 ಮಿಲಿ ಬರಬೇಕು.

ಬರೇ ಡೆಕ್ಸ್ಟ್ರೋಸ್‌ನಾಗ ಕಲಸಬ್ಯಾಡ್ರಿ, ಕ್ಲೋರೈಡ್ ಇಲ್ಲದೆ ಔಷಧ ಒಡೀತದ. ಫ್ರಿಜ್‌ನಾಗ ಇಟ್ರ ಹರಳು ಕಟ್ತದ. ಅಲ್ಯೂಮಿನಿಯಂ ತಾಗಿದ್ರ ಕರ್ರಗಾಗ್ತದ. ಮನ್ಯಾಗ 2ರಿಂದ 5ನೇ ದಿನ ವಾಂತಿ ಜೋರು. ಕುಡಿದ ನೀರು ಹೊಟ್ಟ್ಯಾಗ ನಿಲ್ಲದಿದ್ರ ಅವತ್ತೇ ವಾಪಸ್ ಬರಲಿ. ಡೈಕ್ಲೋಫೆನಾಕ್ ಅನ್ನೋ ನೋವಿನ ಗುಳಿಗೆ ಕೊಟ್ಟು ಕಳಿಸಬ್ಯಾಡ್ರಿ, ಕಿಡ್ನಿಗೆ ಪೆಟ್ಟು.

ಡೇಕೇರ್ ಸಿಸ್ಟರ್, ಕಲಬುರಗಿ:
ಕೆಸಿಎಲ್ ತೂಗಿಹಾಕಿದ ಬಾಟ್ಲಿಗೇ ಸೇರಿಸ್ತಾರಲ್ಲ, ನಡೀತದೇನು?

ಆಂಕಾಲಜಿ ನರ್ಸ್, ಯಾದಗಿರಿ:
ಬ್ಯಾಡ್ರಿ, ತಳಕ್ಕ ಕೂತು ಮೊದಲ ಹನಿಯಾಗೇ ಗಟ್ಟಿ ಪೊಟ್ಯಾಸಿಯಂ ಹೋಗ್ತದ, ಹೃದಯಕ್ಕ ಅಪಾಯ. ಇಳಿಸಿ ಸೇರಿಸಿ, ಹತ್ತು ಸಲ ತಿರುವಿ ಹಾಕಿ ತೂಗಿಸ್ರಿ.